ಕೊತ್ತಗೆರೆ ಜಗಲಿಯ ಮೇಲಿನ ಪ್ರಯೋಗ

ಶಶಿರೇಖಾ ಟೀಚರ್ ಬ್ಯಾಗಿನಲ್ಲಿ ಊಟದ ಡಬ್ಬಿ ಇರದಿದ್ದರೂ ಬಾಳೆಹಣ್ಣು ಇರುತ್ತಿತ್ತು. ತುಮಕೂರಿನ ಬಟವಾಡಿಯಿಂದ ಕುಣಿಗಲ್ಲಿನ ಹೈಸ್ಕೂಲಿಗೆ ದಿನಾ ಓಡಾಡುತ್ತಿದ್ದ ಅವರಿಗೆ ಬಸ್ಸಿನವರು 'ಬಾಳೆಹಣ್ಣಿನ ಮೇಡಂ' ಎಂದೇ ಹೆಸರಿಟ್ಟಿದ್ದರು. ಹಣ್ಣು ತಿನ್ನಲಿಕ್ಕಲ್ಲ, ಕಿವುಚಲಿಕ್ಕೆ. ಪ್ರಯೋಗಶಾಲೆ ಎಂದು ಬೋರ್ಡು ಹಾಕಿಕೊಂಡ ಕೋಣೆಯಲ್ಲಿ ಇದ್ದದ್ದು ಅಸ್ಥಿಪಂಜರದ ಒಂದು ಪಟ, ಕೆಲವು ಗಾಜಿನ ನಳಿಗೆ. ಇಲ್ಲದ್ದಕ್ಕೆ ಅಳುತ್ತ ಕೂರುವ ಜಾಯಮಾನ ಟೀಚರದ್ದಲ್ಲ. ಹಣ್ಣು ಕಿವುಚಿ, ಉಪ್ಪು ಮತ್ತು ಶಾಂಪೂ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಐಸ್‌ಕ್ಯಾಂಡಿ ಗಾಡಿಯವನ ಮಂಜುಗಡ್ಡೆಯಲ್ಲಿ ತಣ್ಣಗಾದ ಸ್ಪಿರಿಟ್ಟನ್ನು ಮೆಲ್ಲಗೆ ಇಳಿಸಿದರೆ ಬಿಳೀ ಎಳೆಗಳು ಮೇಲೇಳುತ್ತಿದ್ದವು. "ಇದೇ ಡಿಎನ್‌ಎ ಕಣ್ರೋ" ಎನ್ನುವಾಗ ಪ್ರತಿಸಲವೂ ಅವರಿಗೇ ಮೊದಲು ಖುಷಿಯಾಗುತ್ತಿತ್ತು.

2003ರಲ್ಲಿ ಒಂದು ತರಬೇತಿಗೆ ಹೋಗಿ ಜೀನ್ ಚಿಕಿತ್ಸೆಯ ವಿಷಯ ಕೇಳಿಬಂದರು. ಅದನ್ನೂ ಹತ್ತನೇ ತರಗತಿಗೆ ಕೈಯಲ್ಲಿ ಮಾಡಿಸಿಯೇ ಹೇಳಬೇಕೆಂಬ ಹಟ. ಹೆಣ್ಣುಮಕ್ಕಳಿಂದ ಕನಕಾಂಬರದ ಮಾಲೆ ಕಟ್ಟಿಸಿದರು, ನಡುವೆ ಒಂದು ಬಾಡಿದ ಹೂ.

"ಮಾಲೆ ಡಿಎನ್‌ಎ, ಬಾಡಿದ ಹೂ ಕೆಟ್ಟ ಜೀನು. ಮಾಲೆ ಬಿಚ್ಚದೆ ಒಂದು ಒಳ್ಳೆ ಹೂ ಸೇರಿಸ್ಬೇಕು. ಜೀನ್ ಚಿಕಿತ್ಸೆ ಅಂದ್ರೆ ಇಷ್ಟೇ. ಹೂವನ್ನ ಮೈಯೊಳಗೆ ಮುಟ್ಟಿಸೋನು ವೈರಸ್ಸು. ರೋಗ ತರದ ಹಾಗೆ ಹಲ್ಲು ಕಿತ್ತು ಕಳಿಸ್ತಾರೆ ಅವನ್ನ. ಹಿಮೋಫಿಲಿಯಾಕ್ಕೂ ಹೊರದೇಶದಲ್ಲಿ ಮಾಡಿ ನೋಡ್ತಿದಾರೆ."

ಕ್ಲಾಸೆಲ್ಲ ನಕ್ಕಿತು. ನಗದೆ ಕೂತವಳು ಕೊತ್ತಗೆರೆಯ ರೂಪಶ್ರೀ. ಅವಳ ಪುಟ್ಟ ತಮ್ಮ ಸಿದ್ದಾರ್ಥನಿಗೆ ಅದೇ ಕಾಯಿಲೆ. ಗಾಯವಾದರೆ ರಕ್ತ ನಿಲ್ಲದು, ಎಡವಿದರೆ ಮಂಡಿ ಊದಿಕೊಳ್ಳುವುದು. ಹೊರದೇಶ ಎಂಬ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ಅವಳು ಮನೆಯಲ್ಲಿ ಹೇಳಿದ್ದನ್ನು ಕೇಳಿ, ಸೋಮವಾರ ತಾಯಿ ಸರ್ವಮಂಗಳ ಮಗನನ್ನು ಎತ್ತಿಕೊಂಡು ಶಾಲೆಗೆ ಬಂದೇಬಿಟ್ಟರು. ಚೀಲದಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಟೀಚರ್ ಕೈಯಲ್ಲಿ ಆಗತಾನೆ ಎಳೆ ಎದ್ದ ನಳಿಗೆ ಇತ್ತು. ಆ ತಾಯಿ ಅದನ್ನೇ ನೋಡಿದರು. ಬಲಗೈಯನ್ನು ಸೆರಗಿಗೆ ಒರೆಸಿ, ತೀರ್ಥಕ್ಕೆ ಒಡ್ಡುವಂತೆ ಅಂಗೈ ಗುಳಿ ಮಾಡಿ ಚಾಚಿದರು.

"ಮಗೀನ ಬರೀ ಹೊಟ್ಟೇಲೇ ಕರ್ಕೊಂಬಂದಿದೀನಿ ಮೇಡಂ. ಮೊದ್ಲು ನಾನ್ ಕುಡೀಬೇಕಾ, ಅವ್ನಾ?"

ಟೀಚರ್ ನಳಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಒಳಗಿದ್ದದ್ದು ಸ್ಪಿರಿಟ್ಟು! "ಇದು ಬಾಳೆಹಣ್ಣಿಂದಮ್ಮ, ಔಷಧಿ ಅಲ್ಲ. ಆ ಚಿಕಿತ್ಸೆ ನಮ್ ಕಡೆಗೆ ಇನ್ನೂ ಬಂದಿಲ್ಲ" ಎಂದು ಹೇಳಿ, ಉಳಿದ ಹಣ್ಣನ್ನು ಹಸಿದ ಹುಡುಗನ ಕೈಗೆ ಕೊಟ್ಟರು.

ಸರ್ವಮಂಗಳ ಬೆಂಚಿನ ಮೇಲೆ ಕೂತರು. "ಹೋಗ್ಲಿ ಬುಡಿ. ಒಂದ್ ಮಾತ್ ಹೇಳಿ. ಇದು ನನ್ನಿಂದ ಬಂತಾ? ನನ್ ತಮ್ಮಾನೂ ಹಿಂಗೇ ರಕ್ತ ಹೋಗಿ ಸತ್ತ. ತವರಿನ ಪಾಪ ಹೊತ್ಕೊಂಬಂದವ್ಳು ಅಂತಾರೆ ನಮ್ಮತ್ತೆ, ದಿನಾ."

ಇಲ್ಲ ಎಂದುಬಿಡಬಹುದಿತ್ತು. ಮಕ್ಕಳೆಲ್ಲ ನೋಡುತ್ತಿದ್ದರು. "ನಿಮ್ಮಿಂದ ಬಂತಮ್ಮ. ಆದ್ರೆ ನಿಮ್ ತಪ್ಪಿಂದ ಬರ್ಲಿಲ್ಲ."

ಸರ್ವಮಂಗಳ ಮಗನ ಬಾಯಿ ಒರೆಸಿ, "ಇದ್ನ ನಮ್ಮತ್ತೆಗೆ ಹೇಳಿ" ಎಂದರು.

ಭಾನುವಾರ ಟೀಚರ್ ನಳಿಗೆ, ಉಪ್ಪು, ಶಾಂಪೂ, ಮಂಜುಗಡ್ಡೆಯಲ್ಲಿಟ್ಟ ಸ್ಪಿರಿಟ್ಟು ಹೊತ್ತು ಕೊತ್ತಗೆರೆಗೆ ಹೋದರು. ರಕ್ತ ನಿಲ್ಲಿಸುವ ಇಂಜೆಕ್ಷನ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡೂ ಬಂದಿದ್ದರು. ಅತ್ತೆ ಬಸವಲಿಂಗಮ್ಮ ಜಗಲಿಯಲ್ಲಿ ಕೂತು ಎಳೆ ಏಳುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಕಾಯಿಲೆ ತಾಯಿಯಿಂದ ಇಳಿದದ್ದು ಎಂದು ಕೇಳಿದ್ದೇ ತಡ, ತೊಡೆ ತಟ್ಟಿದರು.

"ನಾನ್ ಹೇಳ್ಲಿಲ್ವಾ! ಅವಳ ಮನೆದೇ ಅಂತ!"

ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳ ತಲೆ ತಗ್ಗಿಸಿದರು. ಸತ್ಯ ಹೇಳಲು ಬಂದು ಅತ್ತೆಯ ಕೈಗೇ ದೊಣ್ಣೆ ಕೊಟ್ಟೆನಲ್ಲಾ ಎಂದು ಟೀಚರ್ ಪೇಚಾಡಿದರು. ಅಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಸಕ್ಕರೆ ಕಾಯಿಲೆ ಮಾತ್ರೆ ಕಣ್ಣಿಗೆ ಬಿತ್ತು.

"ಅಜ್ಜಿ, ನಿಮ್ ಸಕ್ಕರೆ ಕಾಯಿಲೆ ಯಾರ ಮನೆದು?"

"ನಮ್ಮಪ್ಪಂಗಿತ್ತು. ಅಲ್ಲಿಂದ್ಲೇ ಬಂದಿರ್ಬೇಕು."

"ಅಪ್ಪನ್ನ ಬೈದಿದೀರಾ?"

"ಏನವ್ವಾ ಹಿಂಗಂತೀಯ? ಪಾಪ, ಅವನೇನ್ ಮಾಡ್ದ!"

ತಾವಾಡಿದ ಮಾತು ಅಜ್ಜಿಯ ಕಿವಿಗೇ ಬಿತ್ತು. ಕೈಯಲ್ಲಿದ್ದ ಎಲೆಗೆ ಸುಣ್ಣ ಸವರುವುದನ್ನೂ ಮರೆತರು. ಎಲೆಯನ್ನು ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು.

"ಬಾ ಮಂಗಳಾ, ಕೂತ್ಕೊ. ಬೆಳಿಗ್ಗೆಯಿಂದ ನಿಂತೇ ಇದೀಯ."

ಕಿವುಚಲು ಕೊಟ್ಟು ಉಳಿದಿದ್ದ ಬಾಳೆಹಣ್ಣಿನ ಚಿಪ್ಪಿನಿಂದ ಒಂದು ಹಣ್ಣು ಕಿತ್ತು ಸೊಸೆಗೆ, ಇನ್ನೊಂದು ಟೀಚರಿಗೆ ಕೊಟ್ಟರು. "ನೀನೂ ತಿನ್ನವ್ವ. ಇದ್ನ ಕಿವುಚ್ಬೇಡ."

ಮುಂದೆ ಎಷ್ಟೋ ಬ್ಯಾಚಿಗೆ ಈ ಪಾಠ ಮಾಡಿದರೂ ಟೀಚರ್ ಮೊದಲು ನೆನೆಯುತ್ತಿದ್ದದ್ದು ಸರ್ವಮಂಗಳ ಒಡ್ಡಿದ ಆ ಅಂಗೈಯನ್ನು. ಅದಕ್ಕೆ ಹಾಕಲು ತನ್ನ ಬಳಿ ಔಷಧಿ ಇರದಿದ್ದರೂ 'ನಿಮ್ಮ ತಪ್ಪಲ್ಲ' ಎಂಬ ಮಾತಾದರೂ ಇತ್ತಲ್ಲ ಎಂದು ಕೈ ಮುಗಿಯುತ್ತಿದ್ದರು. ಆ ಭಾನುವಾರ ಜಗಲಿಯಲ್ಲಿ ಟೀಚರ್ ತಮ್ಮ ಪಾಲಿನ ಹಣ್ಣನ್ನು ಕಿವುಚದೆ ತಿಂದರು. ಸರ್ವಮಂಗಳ ಅತ್ತೆಯ ಪಕ್ಕದಲ್ಲಿ ಕೂತು ಹಣ್ಣು ಸುಲಿದು, ತಿನ್ನಲಾಗದೆ ಅಳುತ್ತಿದ್ದರು.