ಇಲ್ಲದ ಕಾರ್ಯಕ್ರಮದ ಕೇಳುಗರು

ದೆವ್ವ, ಶಕುನ, ಹಣೆಬರಹ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವವರ ಪೈಕಿ ನಾನು. ಎದ್ದು ಹೋಗಲಾಗದ ಕಡೆ, ಅಂದರೆ ಮದುವೆ ಮನೆಯ ಪಂಕ್ತಿಯಲ್ಲಿ, ಕುಳಿತಲ್ಲೇ ಅವರ ಕಾಲೆಳೆಯುತ್ತಿದ್ದೆ. "ಇದು ನೀವು ಕಂಡದ್ದೋ, ನಿಮ್ಮ ಚಿಕ್ಕಪ್ಪ ಕಂಡದ್ದೋ?" ಎಂದು ಕೇಳಿದರೆ ಸಾಕು, ಹೆಚ್ಚಿನ ಕಥೆಗಳು ಚಿಕ್ಕಪ್ಪನವೇ ಆಗಿರುತ್ತಿದ್ದವು. ಈಗ ಹೇಳುವುದು ನನ್ನದೇ ಅನುಭವ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ, ಏಕೆಂದರೆ ನಂಬಬೇಕೋ ಬಿಡಬೇಕೋ ಎಂದು ನನಗೇ ಇನ್ನೂ ತೀರ್ಮಾನವಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ, ರೇಡಿಯೋ ಕೇಳುಗರು. ಯಾವುದೋ ಕಾಲದಲ್ಲಿ ಕೇಳಿದ್ದು ಇಷ್ಟು ವರ್ಷಗಳ ಮೇಲೂ ಜನರ ಬದುಕಿನಲ್ಲಿ ಏನಾಗಿ ಉಳಿದಿದೆ ಎಂದು ನೋಡುವುದು. ಕಾರವಾರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಸ್ಕೂಟರಿನಲ್ಲಿ ಅಂಕೋಲೆಯಿಂದ ಸದಾಶಿವಗಡದವರೆಗೆ ಸುತ್ತಿದೆ. ರೇಡಿಯೋ ಬಗ್ಗೆ ಕೇಳಲು ಬಂದಿದ್ದೇನೆ ಎಂದರೆ ಜನರಿಗೆ ಖುಷಿಯೋ ಖುಷಿ. ಒಬ್ಬರು ಕೃಷಿ ಕಾರ್ಯಕ್ರಮ ಕೇಳಿ ಶೇಂಗಾ ಬೆಳೆದು ಕೈಸುಟ್ಟುಕೊಂಡದ್ದಕ್ಕೆ ರೇಡಿಯೋವನ್ನು ಇನ್ನೂ ಕ್ಷಮಿಸಿರಲಿಲ್ಲ. ಇನ್ನೊಬ್ಬರ ಮನೆಯಲ್ಲಿ ವಾರ್ತೆ ಮುಗಿಯದೆ ಅನ್ನ ಬಡಿಸುವ ಪದ್ಧತಿಯೇ ಇರಲಿಲ್ಲವಂತೆ. ಈಗ ಟಿವಿ ಬಂದರೂ ಅದೇ ನಡೆದಿದೆ.

ನಮ್ಮ ಕೆಲಸದಲ್ಲಿ ಒಂದು ಕುಯುಕ್ತಿ ಇದೆ. ಮನೆಗೆ ಬಂದವರಿಗೆ ಬೇಜಾರಾಗಬಾರದೆಂದು ಕೆಲವರು ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಾರೆ. ಅಂಥವರನ್ನು ಗುರುತಿಸಲು, ಹೆಸರು ಹೇಳಿ ಕೇಳುವ ನಿಜವಾದ ಕಾರ್ಯಕ್ರಮಗಳ ನಡುವೆ ಒಂದು ಸುಳ್ಳು ಹೆಸರನ್ನು ತೂರಿಸುತ್ತೇವೆ. ಎಂದೂ ಪ್ರಸಾರವಾಗದ ಕಾರ್ಯಕ್ರಮ ಅದು. ಅದನ್ನೂ ಕೇಳಿದ್ದೇನೆ ಎಂದವರ ಉತ್ತರಗಳನ್ನು ಪೂರ್ತಿ ಕೈಬಿಡಬೇಕು. ನನ್ನ ಸುಳ್ಳು ಹೆಸರು 'ದೀಪದ ಹೊತ್ತು'. ಒಂದು ಸಂಜೆ ಕೋಣೆಯಲ್ಲಿ ಚಹಾ ಕುಡಿಯುತ್ತ ನಾನೇ ಕಟ್ಟಿದ್ದು. ಕಟ್ಟಿದ್ದು ಹೆಸರನ್ನು ಮಾತ್ರ. ಅದರಲ್ಲಿ ಏನು ಬರುತ್ತಿತ್ತು, ಯಾರು ಮಾತಾಡುತ್ತಿದ್ದರು ಎಂದು ನಾನು ಯೋಚಿಸಿಯೂ ಇರಲಿಲ್ಲ.

ಹೊನ್ನಮ್ಮ ಸಿಕ್ಕಿದ್ದು ಅಂಕೋಲೆ ದಾರಿಯ ಒಂದು ಪುನರ್ವಸತಿ ಕಾಲೊನಿಯಲ್ಲಿ. ಮೂಲ ಊರು ಚೆಂಡಿಯಾ. ಗದ್ದೆ, ಮನೆ ಎಲ್ಲ ನೌಕಾನೆಲೆಗೆ ಹೋದ ಮೇಲೆ ಕುಟುಂಬ ಇಲ್ಲಿಗೆ ಬಂದಿತ್ತು. ಎಪ್ಪತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಕೇಳಿದ್ದಕ್ಕೆಲ್ಲ ಹೌದು ಎನ್ನುವ ಪೈಕಿಯಂತೂ ಅಲ್ಲ. ನಾನು ಹೆಸರು ಹೇಳಿದ ಹಾಗೆ "ಇಲ್ಲ", "ಗೊತ್ತಿಲ್ಲ", "ಅದು ಗಂಡಸ್ರು ಕೇಳೂದು" ಎಂದು ಒಂದೊಂದನ್ನೇ ತಳ್ಳಿಹಾಕುತ್ತಿದ್ದವರು 'ದೀಪದ ಹೊತ್ತು' ಎಂದ ಕೂಡಲೇ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಅದ್ನ ಕೇಳ್ದೇ ಇರ್ತ್ನಾ ತಂಗಿ? ಅದ್ರಲ್ಲಿ ಮಾತಾಡ್ತಿದ್ದಿದ್ದು ನಮ್ಮ ಶೇವಂತಿ."

ಶೇವಂತಿ ಅವರ ತಂಗಿ. ನರ್ಸ್ ಕೆಲಸ ಕಲಿಯಲೆಂದು ಹುಬ್ಬಳ್ಳಿಗೆ ಹೋದವಳು ಮದುವೆಯ ವಿಷಯಕ್ಕೆ ಅಪ್ಪನ ಜೊತೆ ಮಾತು ಬಿಟ್ಟಳು. ಆಮೇಲೆ ಎಲ್ಲಿದ್ದಾಳೆ ಎಂಬ ಸುದ್ದಿಯೇ ಇಲ್ಲ. ಹಾಗೆ ಹೋಗಿ ಒಂದೆರಡು ವರ್ಷವಾದ ಮೇಲೆ ಒಂದು ಸಂಜೆ ಹಳೆಯ ಮನೆಯ ರೇಡಿಯೋದಲ್ಲಿ ಅವಳ ಧ್ವನಿ ಕೇಳಿತಂತೆ. ಹೆಸರು ಹೇಳಿಕೊಳ್ಳಲಿಲ್ಲ, ಆದರೆ ಹೊನ್ನಮ್ಮನಿಗೆ ಸಂಶಯವೇ ಇಲ್ಲ. ಕಾರಣ, ಕಾರ್ಯಕ್ರಮದ ಕೊನೆಗೆ ಅವಳು ಹೇಳುತ್ತಿದ್ದ ಒಂದು ಮಾತು: "ಜಗಲಿ ಮೇಲೂ ಒಂದು ದೀಪ ಇಡಿ, ಬರೂವವ್ರಿಗೆ ದಾರಿ ಕಾಣ್ಲಿ." ಗದ್ದೆಗೆ ಹೋದ ಅಪ್ಪ ತಡಮಾಡಿದಾಗ ಅವರ ಅವ್ವಿ ಮಕ್ಕಳಿಗೆ ಹೇಳುತ್ತಿದ್ದ ಮಾತಂತೆ ಅದು.

"ನಾವು ಊರು ಬಿಟ್ಟದ್ದು ಅವ್ಳಿಗೆ ಗೊತ್ತಿಲ್ವೇ ತಂಗಿ. ಅವ್ಳು ಬಂದ್ರೆ ಅಲ್ಲಿ ನೇವಿ ಗೇಟು. ಯಾರ್ನ ಕೇಳ್ತದೆ ಅದು? ನೀನು ರೇಡಿಯೋದವ್ರ ಹತ್ರ ಹೋಗೂಕೆ ಬರೂಕೆ ಇದ್ದವ್ಳು. ಈ ಮನೆ ದಾರಿ ಅವ್ಳಿಗೆ ಮುಟ್ಟಿಸ್ತ್ಯಾ?"

ನಾನು ಹೂಂ ಎಂದೆ. ಬೇರೆ ಏನು ಹೇಳಲಿ? ಅವರು ಹಂಬಲಿಸಿ ಕೇಳುತ್ತಿದ್ದ ಕಾರ್ಯಕ್ರಮ ನನ್ನ ಚಹಾ ಲೋಟದ ಪಕ್ಕದಲ್ಲಿ ಹುಟ್ಟಿದ್ದು. ಹೊರಡುವಾಗ ಸಂಜೆಯಾಗಿತ್ತು. ಸೊಸೆ ತುಳಸಿಗೆ ದೀಪ ಹಚ್ಚಿ, ಇನ್ನೊಂದನ್ನು ತಂದು ಜಗಲಿಯ ಅಂಚಿನಲ್ಲಿಟ್ಟಳು. ಅತ್ತೆಯ ಕಟ್ಟಪ್ಪಣೆ, ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ನಕ್ಕಳು.

ನನಗೆ ಕನಿಕರವಾಯಿತು, ಆಶ್ಚರ್ಯವಾಗಲಿಲ್ಲ. ಪ್ರೀತಿಯವರನ್ನು ಕಳೆದುಕೊಂಡ ಮನಸ್ಸು ಯಾರದೋ ಧ್ವನಿಯಲ್ಲಿ ಅವರನ್ನು ಕಂಡುಕೊಳ್ಳುತ್ತದೆ, ಹೊರಗಿನವರು ಕೊಟ್ಟ ಹೆಸರನ್ನು ಹಳೆಯ ನೆನಪಿಗೆ ಅಂಟಿಸಿಕೊಳ್ಳುತ್ತದೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆಲ್ಲ ಚೆನ್ನಾಗಿ ವಿವರಣೆಯಿದೆ. ಹೊನ್ನಮ್ಮನ ಉತ್ತರಗಳ ಮೇಲೆ ಅಡ್ಡಗೆರೆ ಎಳೆದು ಮುಂದೆ ಹೋದೆ.

ಮುಂದೆ ಹೋದದ್ದು ಚಿತ್ತಾಕುಲಕ್ಕೆ. ಅಲ್ಲಿ ವಿಠೋಬಾ ಎಂಬ ಹಿರಿಯರು, ಕದ್ರಾ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆಮಾತು ಕೊಂಕಣಿ. ಅಡಿಕೆ ಕತ್ತರಿಸುತ್ತ ಲವಲವಿಕೆಯಿಂದ ಉತ್ತರ ಕೊಡುತ್ತಿದ್ದರು. ನಾನು ಯಾವ ಒತ್ತೂ ಇಲ್ಲದೆ, ಉಳಿದವುಗಳ ನಡುವೆ 'ದೀಪದ ಹೊತ್ತು' ಎಂದೆ.

"ಹಾಂ ಹಾಂ, ಕದ್ರಾ ಕ್ವಾರ್ಟರ್ಸಿನಲ್ಲಿ ಇರೂವಾಗ ಕೇಳಿದ್ದು. ಒಂದು ಬಾಯಿ, ಹೆಂಗಸು, ಮಾತಾಡೂದು. ನಮ್ಮ ಕಡೇದೇ ಮಾತು ಅವಳದ್ದು, ಧಾರವಾಡದ್ದು ಅಲ್ಲ. ಲಾಸ್ಟಿಗೆ ಏನೋ ಹೇಳ್ತಿತ್ತು ನೋಡಿ..." ಅಡಕತ್ತರಿಯನ್ನು ತಡೆದು ಒಂದು ಕ್ಷಣ ನೆನಪಿಸಿಕೊಂಡರು. "ಹಾಂ. ಜಗಲಿ ಮೇಲೂ ಒಂದು ದೀಪ ಇಡಿ ಅಂತ. ಬರೂವವ್ರಿಗೆ ದಾರಿ ಕಾಣ್ಲಿ ಅಂತ."

ಇದನ್ನು ನಾಜೂಕು ಮಾಡಿ ಹೇಳುವುದಿಲ್ಲ, ನಾನು ಹೆದರಿದೆ. ಅಂಗಳದಲ್ಲಿ ಬಿಸಿಲಿತ್ತು, ಪಕ್ಕದ ಮನೆಯಲ್ಲಿ ಯಾರೋ ಮೀನು ಹುರಿಯುತ್ತಿದ್ದರು, ಹೆದರುವಂಥದ್ದು ಸುತ್ತ ಏನೂ ಇರಲಿಲ್ಲ. ಚೆಂಡಿಯಾದ ಹೊನ್ನಮ್ಮ ನಿಮಗೆ ಗೊತ್ತೇ ಎಂದು ಕೇಳಿದೆ. ಗೊತ್ತಿರಲಿಲ್ಲ. ಆ ಕಾಲೊನಿಯತ್ತ ಅವರು ಹೋದವರೂ ಅಲ್ಲ. ನಾನಂತೂ ಹೊನ್ನಮ್ಮನ ವಿಷಯವನ್ನು ಯಾರ ಮುಂದೆಯೂ ಆಡಿರಲಿಲ್ಲ.

ಆಮೇಲೆ ನನಗೆ ತಿಳಿದ ಎಲ್ಲ ಕಡೆ ಹುಡುಕಿದೆ. ಆಕಾಶವಾಣಿಯ ಹಳಬರನ್ನು ಕೇಳಿದೆ. ಆ ಹೆಸರಿನ ಕಾರ್ಯಕ್ರಮ ಎಂದೂ ಇರಲಿಲ್ಲ, ಹಾಗೆ ಮುಗಿಸುವ ಉದ್ಘೋಷಕಿಯೂ ನೆನಪಿಲ್ಲ ಎಂದರು. ಚಿಕ್ಕಂದಿನಲ್ಲಿ ನಾನೇ ಕೇಳಿ ಮರೆತಿರಬಹುದೇ ಎಂದು ಅಂಕೋಲೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. "ನೀನು ಹುಟ್ಟೂ ಮೊದ್ಲೇ ನಮ್ಮನೆ ರೇಡಿಯೋ ಕೆಟ್ಟು ಅಟ್ಟ ಸೇರಿತ್ತು. ಎಂತಾ ಆಯ್ತೆ ನಿಂಗೆ?" ಎಂದಳು. ನನ್ನ ಗೈಡ್ ಸಮಾಧಾನದಿಂದ ಎಲ್ಲ ಕೇಳಿ, ಇಬ್ಬರನ್ನೂ ಕೈಬಿಡು, ನಾಲ್ಕು ದಿನ ರಜೆ ಹಾಕಿ ನಿದ್ದೆ ಮಾಡು ಎಂದರು. ಇಬ್ಬರನ್ನೂ ಕೈಬಿಟ್ಟೆ. ನಿದ್ದೆಯ ಮಾತು ಬೇರೆ.

ಹೊನ್ನಮ್ಮನನ್ನು ಮಾತ್ರ ಹಾಗೆ ಬಿಡಲಾಗಲಿಲ್ಲ. ನಾನು ಹೂಂ ಎಂದಿದ್ದನ್ನು ನಂಬಿ ಆ ಹೆಂಗಸು ಕಾಯುತ್ತಿದ್ದರು. ವಿಠೋಬಾ ಹೇಳಿದ್ದನ್ನು ತಿಳಿಸಿದರೆ ಆಸೆ ಇನ್ನೂ ಬೆಳೆಯುತ್ತದೆ, ನಿಜ ತಿಳಿಸಿದರೆ ಇರುವ ಆಸೆಯೂ ಹೋಗುತ್ತದೆ. ಎರಡನ್ನೂ ಹೇಳಿಬಿಡುವುದು ಎಂದು ನಿರ್ಧರಿಸಿ ಮತ್ತೆ ಹೋದೆ. ಅದೇ ಜಗಲಿಯಲ್ಲಿ ಕುಳಿತು, ಚಿತ್ತಾಕುಲದವರೊಬ್ಬರು ಅದೇ ಮಾತು ಕೇಳಿದ್ದಾರಂತೆ, ಆದರೆ ಅಂಥ ಕಾರ್ಯಕ್ರಮವೇ ಇರಲಿಲ್ಲ, ಆ ಹೆಸರನ್ನು ಕಟ್ಟಿದವಳು ನಾನು ಎಂದು ಬಿಡಿಸಿ ಹೇಳಿದೆ.

ಬೈಯುತ್ತಾರೆ ಅಥವಾ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನೀ ಕಟ್ಟಿದ್ದೇ ಅಂತ ಇರ್ಲಿ. ನಿಂಗೆ ಆ ಹೆಸ್ರು ಯಾರು ಹೇಳಿದ್ರು?"

ಯಾರೂ ಹೇಳಲಿಲ್ಲ, ತಾನಾಗಿ ಹೊಳೆಯಿತು ಎಂದೆ.

"ಹಂಗೇ ಅಲ್ವಾ ಮತ್ತೆ," ಎಂದರು ಹೊನ್ನಮ್ಮ, ಮೊದಲೇ ಗೊತ್ತಿದ್ದ ವಿಷಯದಂತೆ. ಆಮೇಲೆ ಒಳಗೆ ಹೋಗಿ ನನಗೆ ಅವಲಕ್ಕಿ ತಂದುಕೊಟ್ಟರು.

ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಸಂಜೆ ಕೋಣೆಯಲ್ಲಿ ಬೇರೆ ಯಾವ ಹೆಸರೂ ಹೊಳೆಯದೆ ಅದೇ ಏಕೆ ಹೊಳೆಯಿತು? ಈಗ ನಾನು ಕಾಲೇಜಿನಲ್ಲಿ ಇದೇ ವಿಷಯ ಕಲಿಸುತ್ತೇನೆ. ಸುಳ್ಳು ಹೆಸರು ತೂರಿಸುವ ಕುಯುಕ್ತಿಯನ್ನೂ ಕಲಿಸುತ್ತೇನೆ, ಆದರೆ ವಿದ್ಯಾರ್ಥಿಗಳು ಒಂದು ಹೆಸರು ಕಟ್ಟಿಕೊಡಿ ಎಂದರೆ ನನ್ನ ಕೈ ಏಳುವುದಿಲ್ಲ. ಹೊನ್ನಮ್ಮ ಇದ್ದಾರೆ, ಈಗ ಕಣ್ಣು ಮಂಜು. ಶೇವಂತಿ ಬಂದಿಲ್ಲ.

ದಾರಿ ಮುಟ್ಟಿಸುತ್ತೇನೆ ಎಂದು ನಾನು ಕೊಟ್ಟ ಮಾತು ಹಾಗೇ ಉಳಿದಿದೆ. ಅಂಥ ಕಾರ್ಯಕ್ರಮ ಇರಲೇ ಇಲ್ಲ ಎಂದು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ, ಅದರಲ್ಲಿ ಮಾತಾಡುತ್ತಿದ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಚೆಂಡಿಯಾದ ಮನೆ ಈಗ ಅಲ್ಲಿಲ್ಲ. ಅಂಕೋಲೆ ದಾರಿಯ ಕಾಲೊನಿಯಲ್ಲಿ, ನೀರಿನ ಟಾಕಿಯ ಹಿಂದಿನ ಸಾಲಿನಲ್ಲಿ ನಿಮ್ಮ ಅಕ್ಕ ಇದ್ದಾರೆ. ಸಂಜೆ ಬನ್ನಿ, ಜಗಲಿಯ ಮೇಲೆ ದೀಪವಿರುತ್ತದೆ.