ಬಿಚ್ಚದ ಬೂಟು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ, ನಿಂಬೆಹೋಳು ಉಜ್ಜಿದರೂ ಹೋಗದ ಗೆರೆ. ದೀಪದ ಕಾಡಿಗೆ, ಜೇನುಮೇಣ, ಹರಳೆಣ್ಣೆ ಕೂಡಿಸಿ ತಾವೇ ಕಾಯಿಸಿಕೊಳ್ಳುತ್ತಿದ್ದ ಬೂಟಿನ ಮಸಿ ಅದು. ಅವರು ಊಟಕ್ಕೆ ಕೂತರೆ ಅತ್ತೆಯ ಕಣ್ಣು ಆ ಬೆರಳಿನ ಮೇಲೆಯೇ. "ಚರ್ಮ ಮುಟ್ಟಿದ್ ಕೈ, ಗಂಟ್ಲಲ್ಲಿ ಅನ್ನ ಹೆಂಗ್ ಇಳೀತದೋ" ಎಂದು ಗೊಣಗುತ್ತಲೇ ತುಪ್ಪ ಬಡಿಸುತ್ತಿದ್ದರು.

ಪಾಲಿಬೆಟ್ಟದ ಹತ್ತಿರ ಒಬ್ಬ ಬಿಳಿಯ ದೊರೆಯ ಕಾಫಿ ಎಸ್ಟೇಟಿನಲ್ಲಿ ಮಾವನವರು ಹಿರಿಯ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವವರು. ನಮ್ಮ ಯಜಮಾನರು ಅಲ್ಲೇ ಅವರ ಕೈಕೆಳಗಿನ ರೈಟರ್. ನಾನು ಸೋಮವಾರಪೇಟೆ ಕಡೆಯಿಂದ ಮದುವೆಯಾಗಿ ಆ ಕ್ವಾರ್ಟರ್ಸಿಗೆ ಬಂದವಳು. ಬಂದ ಹೊಸದರಲ್ಲಿ ನನ್ನ ಮೈ ಉರಿಸಿದ್ದು ಅಲ್ಲಿನ ಒಂದು ಪದ್ಧತಿ. ದೊರೆ ಎದುರಾದರೆ ಆಳುಗಳು ಸುರಿಯುವ ಮಳೆಯಲ್ಲೂ ಕೊಡೆ ಮಡಿಸಬೇಕು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಇಂಗ್ಲಿಷರ ಮಾದರಿಯ ಬೂಟು, ಕಾಲುಚೀಲ ಹಾಕಿದವನಿಗೆ ಮಾತ್ರ ರಿಯಾಯಿತಿ. ಅವನು ಬೂಟುಗಾಲಲ್ಲೇ ಬಂಗಲೆಯ ಮೆಟ್ಟಿಲು ಹತ್ತಬಹುದು. ನಮ್ಮ ಚರ್ಮಕ್ಕೆ ಒಂದು ಕಾನೂನು, ಅವರ ಚರ್ಮಕ್ಕೆ ಇನ್ನೊಂದು. ಮಾವನವರು ಬೂಟು ಕೊಂಡಿದ್ದೇ ಇದಕ್ಕಾಗಿ. "ಇದು ಸೋಕಿ ಅಲ್ಲ ಕಣವ್ವ. ದಿನಾ ಬೆಳಗೆದ್ದು ಇನ್ನೊಬ್ಬನ್ ಮುಂದೆ ಕಾಲ್ ಬರಿದು ಮಾಡ್ಕಂಡು ನಿಂತ್ಕೊಳ್ಳಕ್ಕೆ ನನ್ಕೈಲಿ ಆಗಲ್ಲ" ಎಂದು ನನಗೊಮ್ಮೆ ಹೇಳಿದ್ದರು.

ಬೂಟು ಕೊಳ್ಳಲು ಮಡಿಕೇರಿಗೆ ಹೋದರೆ ಅಂಗಡಿಗೆ ಕಾಲಿಡುತ್ತಿದ್ದದ್ದು ಸಂಜೆಗೇ. ಬೆಳಗಿನ ಕಾಲು ಸುಳ್ಳು ಹೇಳುತ್ತದೆ, ದಿನವಿಡೀ ನಡೆದು ಊದಿದ ಕಾಲೇ ನಿಜವಾದ ಅಳತೆ ಎನ್ನುವುದು ಅವರ ವಾದ. ಮುಂಭಾಗವನ್ನು ಬೆರಳಿನಿಂದ ಮಡಿಸಿ ನೋಡುವರು. ಸಣ್ಣ ನಿರಿಗೆ ಬಿದ್ದು ಮತ್ತೆ ನಯವಾದರೆ ಒಳ್ಳೆಯ ಚರ್ಮ, ಒರಟು ಗೆರೆ ಹಾಗೇ ಉಳಿದರೆ ಕಳಪೆ. ಅಟ್ಟೆಗೆ ಮೊಳೆ ಹೊಡೆದಿದ್ದರೆ ಮುಟ್ಟುತ್ತಲೂ ಇರಲಿಲ್ಲ. ನಮ್ಮ ಮಳೆಗೆ ಮೊಳೆ ತುಕ್ಕು ಹಿಡಿಯುತ್ತದೆ, ಹೊಲಿಗೆಯೇ ಆಗಬೇಕು. ಕೊನೆಗೆ ಮೂಸಿ ನೋಡುವರು. ಅಂಗಡಿಯವನಿಗೆ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು.

ಅವರ ಹತ್ತಿರ ಎರಡು ಜೊತೆ ಇದ್ದವು. ಇವತ್ತು ಹಾಕಿದ್ದಕ್ಕೆ ನಾಳೆ ವಿಶ್ರಾಂತಿ. "ಈ ಮನೇಲಿ ಬೂಟಿಗೆ ರಜ ಐತೆ, ನಂಗಿಲ್ಲ" ಎಂದು ಅತ್ತೆ ಕೂಗಾಡುವರು. ಮಳೆಗಾಲದಲ್ಲಿ ಗೋಡೆಯ ಮೇಲೂ ಬೂಷ್ಟು ಬೆಳೆಯುವ ಊರು ಅದು. ಒದ್ದೆ ಬೂಟನ್ನು ಒಲೆಯ ಹತ್ತಿರ ಇಟ್ಟರೆ ಸೀಳುತ್ತದೆಂದು ಅವರು ಬಟ್ಟೆಯ ಚೀಲದಲ್ಲಿ ಒಣಗಿದ ಕಾಫಿ ಹೊಟ್ಟು ತುಂಬಿ ಬೂಟಿನೊಳಗೆ ತುರುಕಿ, ಗಾಳಿಯಾಡುವ ಕಡೆ ಮಲಗಿಸುತ್ತಿದ್ದರು. ಬೆಳಿಗ್ಗೆ ಹೊಟ್ಟು ತೇವವನ್ನೆಲ್ಲ ಕುಡಿದು ಭಾರವಾಗಿರುತ್ತಿತ್ತು. ಬೇರೆ ಯಾರೂ ಅವಕ್ಕೆ ಕೈ ಹಚ್ಚುವಂತಿರಲಿಲ್ಲ.

ಹಳೆಯ ದೊರೆ ಸೀಮೆಗೆ ಹಿಂತಿರುಗಿ ಅವನ ಅಣ್ಣನ ಮಗ ಬಂದ. ಬಂದ ವಾರದಲ್ಲೇ ಆಳುಗಳ ಲೈನುಮನೆ, ಕ್ವಾರ್ಟರ್ಸು ಎಲ್ಲ ತಪಾಸಣೆ. ಮಾವನವರೂ ಯಜಮಾನರೂ ತೋಟದಲ್ಲಿದ್ದರು. ಈ ಹುಡುಗ ಹೇಳದೆ ಕೇಳದೆ ನಮ್ಮ ಮನೆಗೆ ನುಗ್ಗಿದ. ನಡುಮನೆ ದಾಟಿದ, ದೇವರ ಗೂಡಿನ ಮುಂದಿನ ರಂಗೋಲಿ ತುಳಿದ, ಕೆಸರು ಬೂಟಿನಲ್ಲೇ ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತು ಚಾವಣಿ ನೋಡಿದ. ಅತ್ತೆ ಮುದ್ದೆ ತಿರುವುತ್ತಿದ್ದವರು ಕೋಲು ಹಿಡಿದೇ ಕಲ್ಲಾದರು. ನನ್ನ ನಾಲಗೆ ತುದಿಗೆ ಬಂದ ಮಾತು ಅಲ್ಲೇ ಉಳಿಯಿತು. ಅವನು ಹೋದ ಮೇಲೆ ಅತ್ತೆ ಮಾಡಿಟ್ಟ ಅಡುಗೆಯನ್ನೆಲ್ಲ ದನಕ್ಕೆ ಸುರಿದು, ಅಳುತ್ತಾ ನೆಲ ಸಾರಿಸಿದರು. ಇಷ್ಟು ವರ್ಷಗಳಾದ ಮೇಲೂ ಇದನ್ನು ಬರೆಯುವಾಗ ನನ್ನ ಸಿಟ್ಟು ಇಳಿದಿಲ್ಲ.

ಅದೇ ಮನುಷ್ಯ ಮಾರನೆಯ ದಿನ ಹುಕುಂ ಹೊರಡಿಸಿದ. ಬಂಗಲೆಯ ಜಗಲಿಗೆ ಹೊಸದಾಗಿ ಮೇಣ ಹಾಕಿ ಉಜ್ಜಿಸಿದೆ, ಇನ್ನು ಮೇಲೆ ಚಪ್ಪಲಿಯಾಗಲಿ ಬೂಟಾಗಲಿ ಮೆಟ್ಟಿಲ ಕೆಳಗೇ ಬಿಡಬೇಕು!

ಮಾವನವರು ಕೂಗಾಡಲಿಲ್ಲ. ಬೂಟು ಹಾಕಿಕೊಂಡು ಹೋಗಿ ಮೆಟ್ಟಿಲ ಕೆಳಗೆ, ಅಂಗಳದಲ್ಲಿ ನಿಂತು, ಅಲ್ಲಿಂದಲೇ ದಿನದ ಕೆಲಸದ ವರದಿ ಒಪ್ಪಿಸಿದರು. ಮಳೆ ಹಿಡಿಯಿತು. ಕೊಡೆ ಬಿಚ್ಚಿಕೊಂಡೇ ನಿಂತರು. ಒಂದು ಹನಿ ಬಿದ್ದರೂ ಕರವಸ್ತ್ರದಿಂದ ಒರೆಸುತ್ತಿದ್ದ ಮನುಷ್ಯ ಕಣಕಾಲು ಮುಳುಗುವ ನೀರಿನಲ್ಲಿ ಆ ಬೂಟುಗಳನ್ನು ದಿನವೂ ಕೊಲ್ಲುತ್ತಿದ್ದರು. ಸಂಜೆ ಮನೆಗೆ ಬಂದು ಹೊಟ್ಟು ತುಂಬಿ, ಹರಳೆಣ್ಣೆ ಹಚ್ಚಿ, ಮತ್ತೆ ಬದುಕಿಸುತ್ತಿದ್ದರು. ಹೊಲಿಗೆ ಬಿಟ್ಟ ಕಡೆ ಮೇಣದ ದಾರ ಎಳೆದು ಮತ್ತೆ ಹೊಲಿಯುತ್ತಿದ್ದರು.

"ಅಪ್ಪಯ್ಯ, ಬಿಚ್ಚಿದ್ರೆ ಏನ್ ಗಂಟು ಹೋಗ್ತದೆ? ನಮ್ಮನೇಲಿ ನಾವು ಬಿಚ್ಚಲ್ವಾ?" ಎಂದರು ನಮ್ಮ ಯಜಮಾನರು.

"ಬಿಚ್ತೀವಿ. ದೇವ್ರ ಮುಂದೆ ಬಿಚ್ತೀವಿ, ಒಲೆ ಮುಂದೆ ಬಿಚ್ತೀವಿ, ಹೆಣದ ಮುಂದೆ ಬಿಚ್ತೀವಿ. ಅವ್ನು ಇದ್ರಲ್ಲಿ ಯಾವ್ದು?" ಎಂದರು ಮಾವನವರು. "ನಮ್ಮನೇಲಿ ಅವ್ನು ಬಿಚ್ಚಿದ್ನಾ? ನಿಮ್ಮವ್ವನ್ನ ಕೇಳು."

ಯಜಮಾನರು ಕೇಳಲಿಲ್ಲ. ಅವರು ಮೊದಲ ದಿನದಿಂದಲೇ ಬಿಚ್ಚಿ ಹೋಗುತ್ತಿದ್ದರು. ಇಬ್ಬರಲ್ಲಿ ಒಬ್ಬರಾದರೂ ಕೆಲಸ ಉಳಿಸಿಕೊಳ್ಳಬೇಕು, ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತದೆ ಎಂದು ನನಗೆ ಸಮಜಾಯಿಷಿ ಕೊಟ್ಟರು. ಮಾತು ಸರಿಯೇ ಇತ್ತು. ಆದರೂ ನಾನು ಅವರಿಗೆ ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಯಜಮಾನರು ಕುಂಟುತ್ತಾ ಮನೆಗೆ ಬಂದರು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕೆಸರಾದ ಕಾಲುಚೀಲ. ಮೆಟ್ಟಿಲ ಕೆಳಗೆ ಬಿಟ್ಟಿದ್ದ ಬೂಟನ್ನು ದೊರೆಯ ನಾಯಿ ಕಚ್ಚಿಕೊಂಡು ಹೋಗಿ ಜಗಲಿಯ ಮೇಜಿನ ಕೆಳಗೆ ಅಗಿಯುತ್ತಾ ಕೂತಿತ್ತಂತೆ. ಕೇಳಿದ್ದಕ್ಕೆ ದೊರೆ, ಬಟ್ಲರ್ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಾಯಿಗೆ ಬೇಜಾರಾದ ಮೇಲೆ ಬಂದು ತೆಗೆದುಕೊಂಡು ಹೋಗು ಎಂದನಂತೆ ದೊರೆ.

ಮಾವನವರು ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದರು. ಕೈ ತೊಳೆದು, ಬೂಟು ಹಾಕಿ, ದಾರ ಬಿಗಿದು ಕಟ್ಟಿದರು. ಯಜಮಾನರು ಅವರ ಹಿಂದೆ ಓಡಿದರು. ಮುಂದಿನದು ಅವರೇ ಅಂಗಳದಲ್ಲಿ ನಿಂತು ನೋಡಿದ್ದು. ಮಾವನವರು ಮೆಟ್ಟಿಲು ಹತ್ತಿದರು. ಆ ಹೊಳೆಯುವ ಜಗಲಿಯ ಮೇಲೆ ಒಂದೊಂದೇ ಕೆಸರು ಹೆಜ್ಜೆ ಒತ್ತುತ್ತಾ ಮೇಜಿನ ತನಕ ನಡೆದು, ಬಗ್ಗಿ, ನಾಯಿಯ ಬಾಯಿಂದ ಬೂಟು ಕಿತ್ತುಕೊಂಡರು. ದೊರೆ ಕುರ್ಚಿ ಬಿಟ್ಟು ಎದ್ದ.

"ದೊರೆ, ನಿಮ್ ಬೂಟು ನಮ್ಮನೆ ಒಲೆ ತನ್ಕ ಬಂದಿತ್ತು. ನಂದು ನಿಮ್ ಮೇಜ್ ತನ್ಕ ಬಂದದೆ" ಎಂದು ಹೇಳಿ, ಬಂದ ಹಾಗೇ ಇಳಿದು ಬಂದರು.

ಮಾರನೆಯ ದಿನ ಸೂರ್ಯ ಮುಳುಗುವುದರೊಳಗೆ ಇಬ್ಬರನ್ನೂ ಕೆಲಸದಿಂದ ತೆಗೆದು ಕ್ವಾರ್ಟರ್ಸ್ ಖಾಲಿ ಮಾಡಿಸಿದರು, ಸುರಿಯುವ ಮಳೆಯಲ್ಲಿ. ಮಾವನವರು ಜೀವ ತೇದ ಎಸ್ಟೇಟಿನಿಂದ ಒಬ್ಬನೂ ಗಾಡಿಗೆ ಕೈ ಕೊಡಲು ಬರಲಿಲ್ಲ. ಹೆದರಿಕೆ. ಅವರನ್ನು ಏನೆಂದು ಬೈಯಲಿ? ಆದರೂ ಗಾಡಿಯಲ್ಲಿ ಕೂತು ಮಡಿಕೇರಿ ತಲುಪುವವರೆಗೂ ಮನಸ್ಸಿನಲ್ಲೇ ಬೈದೆ.

ಮಡಿಕೇರಿಯಲ್ಲಿ ಬಾಡಿಗೆ ಮನೆ. ಯಜಮಾನರಿಗೆ ವಕೀಲರೊಬ್ಬರ ಹತ್ತಿರ ಗುಮಾಸ್ತಿಕೆ ಸಿಕ್ಕಿತು. ನಾಯಿ ಕಚ್ಚಿದ ಬೂಟಿಗೆ ಮಾವನವರು ತೇಪೆ ಹಾಕಿಸಿದರು. ಹೊಸದು ಕೊಡಿಸಲಿಲ್ಲ. "ಇದ್ನೇ ಹಾಕ್ಕೊ. ಹಲ್ಲಿನ್ ಗುರ್ತು ಕಾಣ್ತಾ ಇರ್ಲಿ" ಎಂದರು. ಯಜಮಾನರು ಅದನ್ನೇ ಹಾಕಿಕೊಂಡು ಕಚೇರಿಗೆ ಹೋದರು.

ಆ ಮಳೆಗಾಲದ ನೀರು ಮಾವನವರ ಎದೆಯಲ್ಲಿ ಕೂತಿತ್ತು ಎಂದೇ ನನ್ನ ನಂಬಿಕೆ. ಕೆಮ್ಮು ಬಿಡಲೇ ಇಲ್ಲ. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ನಡುಮನೆಯಲ್ಲಿ ಮಲಗಿಸಿದಾಗ ಅವರ ಬರಿಗಾಲನ್ನು ಸರಿಯಾಗಿ ನೋಡಿದೆ. ಮುಖ, ಕೈ ಬಿಸಿಲಿಗೆ ಕರಕಲಾಗಿದ್ದವು. ಪಾದ ಮಾತ್ರ ಮಗುವಿನ ಪಾದದ ಹಾಗೆ ಬೆಳ್ಳಗಿತ್ತು.

ಹೆಣ ಎತ್ತುವ ಮೊದಲು ಹೊರಗೆ ಕಾರು ನಿಂತಿತು. ಆ ದೊರೆಯೇ. ಯಾಕೆ ಬಂದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಪಶ್ಚಾತ್ತಾಪ ಎಂದವರುಂಟು, ನನಗೆ ನಂಬಿಕೆಯಿಲ್ಲ. ಕೂತವರೆಲ್ಲ ದಡಬಡಿಸಿ ಎದ್ದರು, ಯಾರೋ ಕುರ್ಚಿ ತರಲು ಓಡಿದರು. ಅವನು ಟೋಪಿ ತೆಗೆದ. ಬೂಟುಗಾಲನ್ನು ಹೊಸ್ತಿಲಿಗೆ ಎತ್ತಿದ.

ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. "ಬೂಟು ಬಿಚ್ಚಿ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ನಮ್ಮ ಯಜಮಾನರ ಮುಖ ನೋಡಿದ. ಯಜಮಾನರು ತಲೆಯೆತ್ತಿ, ನಾನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ದೊರೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತ. ಒದ್ದೆ ದಾರ ಗಂಟುಬಿದ್ದಿತ್ತು. ಉಗುರಿನಿಂದ ಕೆದಕಿದ, ಎಳೆದ. ಯಾರೂ ಹತ್ತಿರ ಹೋಗಲಿಲ್ಲ. ಅತ್ತೆ ಅಳು ನಿಲ್ಲಿಸಿ ನೋಡುತ್ತಿದ್ದರು. ಅವನ ಬೂಟಿನ ಅಟ್ಟೆಯ ಅಂಚಿಗೆಲ್ಲ ಬಿಳಿ ಬೂಷ್ಟು, ಬೆರಳಿನ ಹತ್ತಿರ ಸೀಳು. ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ. ಮಾವನವರು ನೋಡಿದ್ದರೆ ಉಗಿಯುತ್ತಿದ್ದರು. ಕಾಲುಚೀಲದಲ್ಲೇ ಒಳಗೆ ಬಂದು ಅವನು ಆ ಬೆಳ್ಳನೆಯ ಪಾದಗಳ ಹತ್ತಿರ ತಲೆತಗ್ಗಿಸಿ ನಿಂತ.

ಹೊರಗೆ ಬಂದಾಗ ಅವನ ಬೂಟು ಬಿಟ್ಟಲ್ಲೇ ಇದ್ದವು. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ಅದೊಂದೇ ನನಗೆ ಇವತ್ತಿಗೂ ಬೇಜಾರು.