ನಮ್ಮನ್ನು ಇಳಿಸಿದರು

ಬಸ್ಸು ಗುಂಡಿಗೆ ಬಿದ್ದರೆ ಕೆಲವರು ದೇವರನ್ನು ನೆನೆಯುತ್ತಾರೆ, ಕೆಲವರು ಡ್ರೈವರನ್ನು ಬೈಯುತ್ತಾರೆ. ನಾನು ಪಕ್ಕದವರ ಮೊಣಕಾಲು ಹಿಡಿದುಕೊಳ್ಳುತ್ತೇನೆ. ಈಚೆಗೆ ಬಂದ ರೋಗ. ಮೊನ್ನೆ ಸಿರುಗುಪ್ಪದ ಬಸ್ಸಿನಲ್ಲಿ ಒಬ್ಬಾಕೆ, "ಯಾಕವಾ, ಆರಾಮ ಅದಿಯೇನು?" ಎಂದು ಕೇಳಿದಳು. ಅವಳಿಗೆ ವಿಮಾನದ ಕತೆ ಹೇಳಬೇಕಾಯಿತು. ನಿಮಗೂ ಹೇಳಿಬಿಡುತ್ತೇನೆ.

ಕರೂರಿನ ನಮ್ಮ ದೊಡ್ಡವ್ವ ದಿಲ್ಲಿಯಲ್ಲಿ ಮಗಳ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಳು. ಕಾಲು ಮಡಚಿದರೆ ಹೊಲಿಗೆ ಬಿಟ್ಟೀತು, ಚಾಚಿಕೊಂಡೇ ಊರಿಗೆ ಹೋಗಲಿ ಎಂದರು ಡಾಕ್ಟರು. ಕರೆತರಲು ಹೋದ ನಾನು ಹೈದರಾಬಾದಿನವರೆಗೆ ಕಾಲು ಚಾಚಲು ಜಾಗವಿರುವ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಸಿದೆ. "ವ್ಯಾಪಾರ ಮಾಡಾಕ ಹೊಂಟೀವೇನವಾ ನಾವು?" ಎಂದಳು ದೊಡ್ಡವ್ವ.

ಗೇಟಿನಲ್ಲಿ ತಿಳಿಯಿತು, ವಿಮಾನ ಬದಲಾಗಿದೆ, ಇದರಲ್ಲಿ ದೊಡ್ಡ ಸೀಟುಗಳು ಕಡಿಮೆ, ನಮ್ಮ ಜಾಗ ಹಿಂದೆ ಎಕಾನಮಿಯಲ್ಲಿ. ನಾನು ಇಂಗ್ಲಿಷಿನಲ್ಲಿ ಜಗಳವಾಡಿದೆ. ಅವರು ನನಗಿಂತ ಒಳ್ಳೆಯ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ಸೋತು ಕರೂರಿಗೆ ಫೋನ್ ಮಾಡಿ, ಅವರ "ಡೌನ್‌ಗ್ರೇಡ್" ಅನ್ನು ಕನ್ನಡಕ್ಕೆ ತಿರುಗಿಸಿ, "ನಮ್ಮನ್ನ ಇಳಿಸಿಬಿಟ್ರು" ಎಂದೆ.

"ಯಾವ ಊರಾಗ? ಅಲ್ಲೇ ಇರ್ರಿ, ಜೀಪು ಕಳಸ್ತೀನಿ" ಎಂದ ದೊಡ್ಡವ್ವನ ತಮ್ಮ.

ತಪ್ಪು ಅವನದಲ್ಲ. ನಾವು ಒಲೆಯಿಂದ ಅನ್ನ ಇಳಿಸುತ್ತೇವೆ, ತಲೆಯಿಂದ ಹೊರೆ ಇಳಿಸುತ್ತೇವೆ, ಬಸ್ಸಿನಿಂದ ಜನರನ್ನು ಇಳಿಸುತ್ತೇವೆ. ಇಳಿಸಿದ ಮೇಲೂ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಕಿಟಕಿಗೆ ದೊಡ್ಡವ್ವ, ನಡುವೆ ನಾನು, ಆಚೆ ತುದಿಗೆ ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರೊಬ್ಬರು. ಅವರ ಮಾತು ಕೇಳಿಯೇ ನಮ್ಮ ಕಡೆಯವರೆಂದು ಗೊತ್ತಾಗಿತ್ತು. ವಿಮಾನ ಮೇಲೇರುವಷ್ಟರಲ್ಲಿ ಮಡಚಿದ ಕಾಲಿನ ನೋವಿಗೆ ದೊಡ್ಡವ್ವನ ಕಣ್ಣಲ್ಲಿ ನೀರು. ಬೆಳೆಗಾರರು ಹೆಗಲ ಟವೆಲನ್ನು ತಮ್ಮ ತೊಡೆಯ ಮೇಲೆ ಹಾಸಿ, ಕಾಲು ಇಲ್ಲಿಗೆ ಚಾಚಿ ಎಂದರು. ಪರಗಂಡಸಿನ ತೊಡೆಯ ಮೇಲೆ ಕಾಲಿಡುವುದುಂಟೇ? ದೊಡ್ಡವ್ವ ಒಲ್ಲೆನೆಂದಳು.

"ನಿಮ್ಮವ್ವ ಆಗಿದ್ರೂ ಬ್ಯಾಡಂತಿದ್ಲಪಾ."

"ಹೂಂ, ಅಂತಿದ್ಲು. ಆಮ್ಯಾಲ ಚಾಚ್ತಿದ್ಲು."

ಚಾಚಿದಳು. ನನ್ನ ಮಡಿಲ ಮೇಲೆ ಹಾದು ಕಾಲು ಅವರ ಟವೆಲ್ ಸೇರಿತು.

ಸ್ವಲ್ಪ ಹೊತ್ತಿಗೆ ವಿಮಾನ ದಡಕ್ಕನೆ ಕುಸಿಯಿತು. ನೀರಿನ ಬಾಟಲಿ ಚಾವಣಿಗೆ ಬಡಿಯಿತು. ಯಾರೋ ಚೀರಿದರು. ಮತ್ತೆ ಕುಸಿಯಿತು. ಬೆಲ್ಟು ಮೂವರನ್ನೂ ಹಿಡಿದಿತ್ತು, ಕಾಲಿಗೆ ಬೆಲ್ಟಿರಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಗಾಳಿಯ ಏರಿಳಿತವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಅಂಥವಳು ಎರಡೂ ಕೈಯಿಂದ ಮುಂದಿನ ಸೀಟನ್ನು ತಬ್ಬಿಕೊಂಡಿದ್ದೆ. ಅವರು ಎರಡೂ ಕೈಯಿಂದ ದೊಡ್ಡವ್ವನ ಕಾಲು ಹಿಡಿದಿದ್ದರು, ಕೂಸನ್ನು ಹಿಡಿದ ಹಾಗೆ. ಮೂರನೆಯ ಸಲ ಅವರ ಹಣೆ ಮುಂದಿನ ಸೀಟಿಗೆ ಬಡಿಯಿತು. ಕೈ ಸಡಿಲಲಿಲ್ಲ.

ವಿಮಾನ ಇಳಿದು ಊರು ಸೇರಿದ ಮೇಲೆ ಬಳ್ಳಾರಿಯ ಡಾಕ್ಟರು ನೋಡಿದರು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ನನ್ನ ಕೈಗಳು ಮಾತ್ರ ಅಂದು ತಪ್ಪಿಸಿಕೊಂಡ ಕೆಲಸವನ್ನು ಬಸ್ಸಿನಲ್ಲಿ ಸಿಕ್ಕವರ ಮೇಲೆ ಈಗಲೂ ಮಾಡುತ್ತಿವೆ.

ನಿನ್ನೆ ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯಲ್ಲಿ ವಿಮಾನದವರಿಗೆ ದೂರು ಬರೆಯಲು ಕುಳಿತೆ. ಸಿಟ್ಟು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಕಾಲು ಮಾಯುವವರೆಗೆ ನಮ್ಮಲ್ಲೇ ಉಳಿದಿರುವ ದೊಡ್ಡವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕಾಲು ನೀವಿಕೊಳ್ಳುತ್ತ ಕೇಳಿ, "ಇಳಿಸಿದ್ದು ಖರೆ, ಬರಿ. ಎಲ್ಲಿ, ಯಾರ ಮಗ್ಗಲಾಗ ಇಳಿಸಿದ್ರು ಅನ್ನೋದೂ ಬರಿ" ಎಂದಳು.

ಮೊದಲನೆಯದು ಬರೆದಾಗಿದೆ. ಎರಡನೆಯದಕ್ಕೆ ಇನ್ನೂ ಇಂಗ್ಲಿಷ್ ಸಿಕ್ಕಿಲ್ಲ.